ಶ್ರೀಲಂಕಾ ಮತ್ತು ಐಎಂಎಫ್ ಷರತ್ತುಗಳು: ನಿವೃತ್ತ ಹಣಕಾಸು ಅಧಿಕಾರಿಗೆ ನಿಮ್ಮ ಪ್ರಶ್ನೆಗಳು

ಉಡುಪಿಯ ಸದಸ್ಯ: ಸರ್, ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲ ಪಡೆದ ದೇಶದ ಬಜೆಟ್ ಬರೆಯುವವರು ಯಾರು?

ಉತ್ತರ: ಬರೆಯುವುದು ಕೊಲಂಬೊದಲ್ಲಿಯೇ. ಆದರೆ ಮುಟ್ಟಬೇಕಾದ ಅಂಕಿ ಮೊದಲೇ ನಿಗದಿಯಾಗಿರುತ್ತದೆ.

ಕೊಲಂಬೊದಲ್ಲಿರುವ ಸದಸ್ಯೆ: ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ನಾಲ್ಕು ಮಡಿಕೆ ಮಾಡಿಟ್ಟ ವಿದ್ಯುತ್ ಬಿಲ್ಲನ್ನು ಬಿಚ್ಚಿ ತೋರಿಸಿದರು. ‘ಸಾಲ ತಂದವರು ಯಾರೋ, ಕಟ್ಟುವವಳು ನಾನು’ ಎಂದರು. ಷರತ್ತಿನ ಭಾರ ಬಡವರ ಮೇಲೆಯೇ ಏಕೆ ಬೀಳುತ್ತದೆ?

ಉತ್ತರ: ನನ್ನನ್ನು ಕಾಡುವುದೂ ಇದೇ. 2019ರ ಕೊನೆಯಲ್ಲಿ ಅಲ್ಲಿನ ಸರ್ಕಾರ ವ್ಯಾಟನ್ನು, ಅಂದರೆ ಸರಕು–ಸೇವೆ ಕೊಂಡಾಗ ಬೀಳುವ ಮೌಲ್ಯವರ್ಧಿತ ತೆರಿಗೆಯನ್ನು, ಶೇ 15ರಿಂದ ಶೇ 8ಕ್ಕೆ ಇಳಿಸಿತು. ಆಗ ಚಪ್ಪಾಳೆಯೋ ಚಪ್ಪಾಳೆ. 2022ರಲ್ಲಿ ದೇಶದ 100 ರೂಪಾಯಿ ಉತ್ಪಾದನೆಗೆ 8 ರೂಪಾಯಿ ತೆರಿಗೆಯೂ ಬರಲಿಲ್ಲ. ಆ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿ ನಿಂತಿತು. 2023ರ ಮಾರ್ಚ್‌ನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ಕೊಡಲು ಒಪ್ಪಿತು, ಕಂತು ಕಂತಾಗಿ. ಬಡ್ಡಿ ಬಿಟ್ಟು ಲೆಕ್ಕ ಹಾಕಿದರೆ 2025ರಲ್ಲಿ ಆದಾಯವು ಖರ್ಚಿಗಿಂತ ಜಿಡಿಪಿಯ (ದೇಶದ ಒಟ್ಟು ಉತ್ಪಾದನೆಯ) ಶೇ 2.3ರಷ್ಟು ಹೆಚ್ಚಿರಬೇಕು ಎಂಬುದು ಮುಖ್ಯ ಷರತ್ತಾಗಿತ್ತು. ಇದಕ್ಕೆ ಉಳ್ಳವರ ಆಸ್ತಿಗೆ ತೆರಿಗೆ ಹಾಕಬಹುದು. ಅದಕ್ಕೆ ದಾಖಲೆ, ಮೌಲ್ಯಮಾಪನ, ಸಿಬ್ಬಂದಿ ಬೇಕು, ವರ್ಷಗಳೇ ಹಿಡಿಯುತ್ತವೆ. ವ್ಯಾಟ್ ಅಂಗಡಿಯ ಬಿಲ್ಲಿನಲ್ಲೇ ಕೈಗೆ ಬರುತ್ತದೆ. ಮುಂದಿನ ಕಂತಿಗೆ ಮುನ್ನ ಐಎಂಎಫ್ ಮಾಡುವ ಪರಿಶೀಲನೆ ಬಾಗಿಲಿಗೆ ಬಂದಾಗ ಯಾವ ಹಣಕಾಸು ಸಚಿವರಾದರೂ ಹಿಡಿಯುವುದು ವ್ಯಾಟನ್ನೇ. 2024ರ ಜನವರಿಯಲ್ಲಿ ಅದು ಶೇ 18 ಆಯಿತು, ವಿನಾಯಿತಿ ಇದ್ದ ಅಡುಗೆ ಅನಿಲವನ್ನೂ ಬಿಡಲಿಲ್ಲ. ವಿದ್ಯುತ್ತನ್ನು ನಷ್ಟಕ್ಕೆ ಮಾರಬಾರದು ಎಂಬುದೂ ಷರತ್ತೇ. 2023ರ ಫೆಬ್ರುವರಿಯಲ್ಲಿ ದರ ಶೇ 66 ಏರಿತು. ಬಡವರಿಗೆಂದು ‘ಅಸ್ವೆಸುಮ’ ನಗದು ನೆರವು ಬಂತು, ನಿಜ. ನೆರವು ಸಿಗಲು ಪಟ್ಟಿಯಲ್ಲಿ ಹೆಸರಿರಬೇಕು. ವ್ಯಾಟ್ ಕಟ್ಟಲು ಯಾವ ಪಟ್ಟಿಯೂ ಬೇಕಿಲ್ಲ.

ಮಂಡ್ಯದ ಸದಸ್ಯ: ಒಂದು ಸಂದೇಶ ಬಂದಿದೆ: ‘ನೋಟು ಮುದ್ರಿಸಿದರೆ ಸಾಲವೇ ಬೇಡ. ಎಲ್ಲರಿಗೂ ತಲುಪಿಸಿ.’

ಉತ್ತರ: ಯಾರಿಗೂ ತಲುಪಿಸಬೇಡಿ. ಶ್ರೀಲಂಕಾ ಮುದ್ರಿಸಿಯೇ ನೋಡಿತು. 2022ರ ಸೆಪ್ಟೆಂಬರ್‌ನಲ್ಲಿ ಹಣದುಬ್ಬರ ಶೇ 70ರ ಹತ್ತಿರ ಹೋಯಿತು. ಡೀಸೆಲ್ ಹೊತ್ತ ಹಡಗಿನವರು ಕೇಳಿದ್ದು ಡಾಲರ್, ರೂಪಾಯಿಯನ್ನಲ್ಲ.

ಹಾಸನದ ಸದಸ್ಯ: ಬಜೆಟ್ ಬರೆಯುವವರು ಐಎಂಎಫ್‌ನವರೇ ತಾನೇ?

ಉತ್ತರ: ಮೇಲೆ ಓದಿ.

ಶಿವಮೊಗ್ಗದ ಸದಸ್ಯ: 1991ರಲ್ಲಿ ಐಎಂಎಫ್ ನಮ್ಮ ಚಿನ್ನವನ್ನೇ ಹೊತ್ತೊಯ್ದಿತು!

ಬೆಂಗಳೂರಿನ ಸದಸ್ಯ: ಚಿನ್ನ ಕಳುಹಿಸಿದ್ದು ಚಂದ್ರಶೇಖರ್ ಸರ್ಕಾರ.

ಶಿವಮೊಗ್ಗದ ಸದಸ್ಯ: ಜುಲೈನಲ್ಲಿ ಪ್ರಧಾನಿ ನರಸಿಂಹ ರಾವ್ ಅಲ್ಲವೇ? ಇತಿಹಾಸ ಓದಿಕೊಂಡು ಬನ್ನಿ.

ಉತ್ತರ: ಎರಡೂ ನಡೆದಿವೆ. ಮೇ ತಿಂಗಳಲ್ಲಿ ಚಂದ್ರಶೇಖರ್ ಸರ್ಕಾರ 20 ಟನ್, ಜುಲೈನಲ್ಲಿ ರಾವ್ ಸರ್ಕಾರ ಸುಮಾರು 47 ಟನ್. ಜುಲೈನ ಒತ್ತೆ ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ. ಐಎಂಎಫ್ ಕೈಗೆ ಒಂದು ಗುಲಗಂಜಿಯೂ ಹೋಗಿಲ್ಲ. ಪಕ್ಷದ ಜಗಳ ಇಲ್ಲಿ ಬೇಡ.

ಕೊಲಂಬೊದಲ್ಲಿರುವ ಸದಸ್ಯೆ: ಸರ್, ಆ ಅಕ್ಕನ ಹೆಸರು ಅಸ್ವೆಸುಮ ಪಟ್ಟಿಯಲ್ಲಿ ಇಲ್ಲವಂತೆ. ಏನು ಮಾಡಬೇಕು?

ಬೆಂಗಳೂರಿನ ಸದಸ್ಯ: ಜಗಳ ತೆಗೆದವರು ಯಾರೆಂದು ಎಲ್ಲರೂ ನೋಡಿದ್ದಾರೆ.

ಶಿವಮೊಗ್ಗದ ಸದಸ್ಯ: ನೀವು ಯಾವ ಪಕ್ಷದವರೆಂದೂ ನೋಡಿದ್ದಾರೆ.