ಪದಚರ್ಚೆ: ಟ್ರ್ಯಾಕ್ಟರಿನ ಗೇರು ‘ಬೀಳುವುದು’ ಯಾವಾಗ?

ಎಲ್ಲರಿಗೂ ನಮಸ್ಕಾರ.

ಹಳೆಯ ಟ್ರ್ಯಾಕ್ಟರುಗಳ ಗೇರ್ ಬಾಕ್ಸ್ ದುರಸ್ತಿಯ ಬಗ್ಗೆ ರೈತರಿಗಾಗಿ ಬರೆದ ಕೈಪಿಡಿಯೊಂದನ್ನು ತಿದ್ದುತ್ತಿರುವಾಗ ‘ಬೀಳು’ ಎಂಬ ಕ್ರಿಯಾಪದ ತೊಡಕಾಗಿದೆ. ‘ಎರಡನೇ ಗೇರು ಬೀಳುತ್ತಿಲ್ಲ’ ಎಂದರೆ ಗೇರು ಕೂಡಿಕೊಳ್ಳುತ್ತಿಲ್ಲ ಎಂದರ್ಥ. ‘ಏರಿನಲ್ಲಿ ಗೇರು ನ್ಯೂಟ್ರಲ್‌ಗೆ ಬೀಳುತ್ತದೆ’ ಎಂದರೆ ಕೂಡಿಕೊಂಡದ್ದು ತಾನಾಗಿ ಬಿಟ್ಟುಹೋಗುತ್ತದೆ ಎಂದರ್ಥ. ಮೊದಲನೆಯದು ಅಪಪ್ರಯೋಗವೇನಲ್ಲ: ಬೀಗ ಹಾಕಿದರೆ ಬೀಗ ಬೀಳುತ್ತದೆ, ಗಂಟು ಹಾಕಿದರೆ ಗಂಟು ಬೀಳುತ್ತದೆ, ಹಾಗೆಯೇ ಗೇರು ಹಾಕಿದರೆ ಗೇರೂ ಬೀಳಬೇಕು.

ಎದುರುಬದುರು ಮಾತಿನಲ್ಲಿ ಇದರಿಂದ ಗೊಂದಲವಾಗುವುದಿಲ್ಲ. ಆದರೆ ದೋಷ ಮತ್ತು ಕಾರಣಗಳ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಬಂದಾಗ ಓದುಗರು ಬೇರೆಯೇ ಭಾಗಕ್ಕೆ ಕೈಹಾಕಬಹುದು. ಗೇರು ಕೂಡಿಕೊಳ್ಳದಿದ್ದರೆ ಮೊದಲು ನೋಡಬೇಕಾದದ್ದು ಕ್ಲಚ್ ಪೂರ್ತಿ ಬಿಡುತ್ತಿದೆಯೇ ಎಂಬುದನ್ನು, ಆಮೇಲೆ ಗೇರನ್ನು ಸರಿಸುವ ಫೋರ್ಕ್ ಬಾಗಿದೆಯೇ ಎಂಬುದನ್ನು ಮತ್ತು ಅಂಚು ಜಜ್ಜಿದ ಹಲ್ಲುಗಳನ್ನು. ತಾನಾಗಿ ಬಿಟ್ಟುಹೋಗುತ್ತಿದ್ದರೆ ಫೋರ್ಕನ್ನು ಹೊತ್ತ ಶಿಫ್ಟರ್ ರಾಡಿನ ಕಚ್ಚು ಸವೆದು, ಅದರಲ್ಲಿ ಕೂತು ರಾಡನ್ನು ತಡೆಹಿಡಿಯಬೇಕಾದ ಗುಂಡಿನ ಹಿಂದಿನ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಫೋರ್ಕ್ ತೆಳುವಾಗಿ ಹಲ್ಲುಗಳು ಅರ್ಧ ಅಗಲಕ್ಕಷ್ಟೇ ಕಚ್ಚಿಕೊಂಡಿರಬಹುದು.

‘ಜಾರುತ್ತದೆ’ ಎಂದು ಬರೆಯೋಣವೆಂದರೆ ಅದು ಕ್ಲಚ್ ಸ್ಲಿಪ್ ಆಗುವುದಕ್ಕೆ ಬೇಕು. ಅಲ್ಲದೆ, ಮ್ಯಾಸ್ಸಿ ಫರ್ಗುಸನ್ 1035ರಂಥ ಟ್ರ್ಯಾಕ್ಟರಿನ ಸ್ಲೈಡಿಂಗ್ ಮೆಶ್ ಗೇರ್ ಬಾಕ್ಸಿನಲ್ಲಿ ಗೇರು ಶಾಫ್ಟಿನ ಮೇಲೆ ಜಾರಿಯೇ ಕೂಡಿಕೊಳ್ಳುತ್ತದೆ. ‘ಕಳಚಿಕೊಳ್ಳುತ್ತದೆ’ ಎಂದರೆ ಬಿಚ್ಚುವ ಕೆಲಸದ ‘ಕಳಚು’ ಅಡ್ಡ ಬರುತ್ತದೆ. ಸದ್ಯಕ್ಕೆ ‘ಬೀಳು’ವನ್ನು ಕೂಡಿಕೊಳ್ಳುವುದಕ್ಕೆ ಉಳಿಸಿಕೊಂಡು, ಇನ್ನೊಂದಕ್ಕೆ ‘ಬಿಟ್ಟುಕೊಳ್ಳು’ ಎಂದು ಬರೆದಿದ್ದೇನೆ.

ಲಿವರಿನ ಬುಷ್, ಫೋರ್ಕ್ ಹೊಸದು ಹಾಕಿಸಿದ ಮಾತ್ರಕ್ಕೆ ಹಳೆಯ ಬಾಕ್ಸು ಕಾನ್ಸ್‌ಟಂಟ್ ಮೆಶ್ ಆಗದೆಂದು ವಿವರಿಸುವ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾನ್ಸ್‌ಟಂಟ್ ಮೆಶ್‌ನಲ್ಲಿ ಗೇರುಗಳು ಸದಾ ಕೂಡಿಯೇ ಇದ್ದು, ಸರಿಯುವುದು ಅವುಗಳ ನಡುವಿನ ಕಾಲರ್ ಮಾತ್ರ. ಅಲ್ಲಿಯೂ ಜನ ಗೇರು ಬಿತ್ತೆಂದೇ ಹೇಳುತ್ತಾರೆ. ಅದನ್ನು ತಿದ್ದಲು ಹೊರಡುವುದು ಪಂಡಿತರ ಹಟವಾದೀತು.

ನಿಮ್ಮ ಕಡೆಯ ಚಾಲಕರು, ಮೆಕ್ಯಾನಿಕ್ಕುಗಳು ತಾನಾಗಿ ನ್ಯೂಟ್ರಲ್‌ಗೆ ಬರುವ ಗೇರಿಗೆ ಏನೆನ್ನುತ್ತಾರೆ? ಮುಖ್ಯವಾಗಿ, ‘ಗೇರು ಬೀಳವಲ್ದು’ ಎನ್ನುವ ಉತ್ತರ ಕರ್ನಾಟಕದಲ್ಲಿ ‘ಗೇರು ಬಿಟ್ಟುಕೊಳ್ಳುತ್ತದೆ’ ಎಂದು ಬರೆದರೆ ಸರಿಯಾಗಿ ಅರ್ಥವಾಗುವುದೇ ಎಂಬುದನ್ನು ಆ ಭಾಗದವರು ದಯವಿಟ್ಟು ತಿಳಿಸಬೇಕು.