ಸಹಾಯ ಬೇಕು: ಹಳೆ ಮನೆಯ ಬಿರುಕು, ಸ್ಲ್ಯಾಬ್ ಮತ್ತು ವೈರಿಂಗ್

ಎಲ್ಲರಿಗೂ ನಮಸ್ಕಾರ. ಸುಮಾರು 45 ವರ್ಷ ಹಳೆಯ ಮನೆಯೊಂದನ್ನು ಕೊಳ್ಳುವ ಯೋಚನೆ ಇದೆ. ನಿನ್ನೆ ಒಳಗೆಲ್ಲ ಸುತ್ತಾಡಿ ನೋಡಿದೆ. ಅಂದಿನಿಂದ ನಿದ್ದೆ ಬಂದಿಲ್ಲ.

ಹೆಚ್ಚು ಭಯ ಆಗಿದ್ದು ಹಿಂದಿನ ಕೋಣೆಯ ಗೋಡೆ ನೋಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿದೆ, ಮೆಟ್ಟಿಲು ಮೆಟ್ಟಿಲಾಗಿ. ಮೇಲೆ ಅಗಲ ಜಾಸ್ತಿ, ಸುಮಾರು 6 ಮಿಲಿಮೀಟರ್. ಕೆಳಗೆ ಬರುತ್ತಾ ಸಣ್ಣದಾಗುತ್ತದೆ. ಹೊರಗಿನಿಂದ ನೋಡಿದರೂ ಅದೇ ಜಾಗದಲ್ಲಿ ಕಾಣುತ್ತದೆ. ಅಂದರೆ ಬರೀ ಪ್ಲಾಸ್ಟರ್ ಬಿರುಕಲ್ಲ, ಅಲ್ವಾ? ಮಾಳಿಗೆಯ ನೀರು ಬೀಳುವ ಪೈಪ್ ಅದೇ ಮೂಲೆಯಲ್ಲಿ ಒಡೆದಿದೆ. ಅಡಿಪಾಯದ ಮಣ್ಣು ನೆನೆದು ಕುಸಿದಿರಬಹುದು ಅಂತ ನನ್ನ ಅನುಮಾನ.

ಬಚ್ಚಲುಮನೆಯ ಸ್ಲ್ಯಾಬ್‌ನಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದೆ. ಕಂಬಿಗೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಅದಕ್ಕೆ ಸುಮ್ನೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಯುವುದು ನನಗೆ ಒಪ್ಪಿಗೆ ಇಲ್ಲ.

ವೈರಿಂಗ್ ಹಳೆಯದು. ಎಷ್ಟೋ ಪ್ಲಗ್‌ಗಳಿಗೆ ಅರ್ತಿಂಗ್ ಇಲ್ಲ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಮಾಡುವ ಸುರಕ್ಷತಾ ಸ್ವಿಚ್) ಕೂಡ ಇಲ್ಲ. ಇದನ್ನು ಪೂರ್ತಿ ಬದಲಿಸುವುದು ಖಂಡಿತ. ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ.

ಈಗ ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಬಿರುಕು ಇನ್ನೂ ಬೆಳೆಯುತ್ತಿದೆಯಾ ಅಂತ ನೋಡಲು, ತುದಿಗಳಲ್ಲಿ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆದು ಎಷ್ಟು ತಿಂಗಳು ಕಾಯಬೇಕು? ಒಂದು ಮಳೆಗಾಲ ಕಳೆಯಲೇಬೇಕಾ? ಸ್ಟ್ರಕ್ಚರಲ್ ಎಂಜಿನಿಯರ್ ಬಂದಾಗ ಯಾವ ಪರೀಕ್ಷೆಗಳನ್ನು ಕೇಳಿ ಮಾಡಿಸಬೇಕು? ಇಂಥ ಗೋಡೆಯನ್ನು ರಿಪೇರಿ ಮಾಡಿಸಿ ವಾಸ ಮಾಡುತ್ತಿರುವವರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಮುಂಗಡ ಇನ್ನೂ ಕೊಟ್ಟಿಲ್ಲ.