‘ಎಲುಬು ಜಗ್ಗುವುದು’ ಎನ್ನಬಹುದೇ?

ಪ್ರಶ್ನೆ: ರಾಯಚೂರು, ಕೊಪ್ಪಳ ಕಡೆಯ ರೋಗಿಗಳು ಓದುವ ಒಪ್ಪಿಗೆ ಪತ್ರಕ್ಕೆ ಪದ ಬೇಕು. ಗಿಡ್ಡಾಗಿ ಉಳಿದ ಅಂಗೈ ಎಲುಬನ್ನು ಉದ್ದ ಮಾಡುವ ‘ಡಿಸ್ಟ್ರಾಕ್ಷನ್‌’ಗೆ ‘ಎಲುಬು ಜಗ್ಗುವುದು’ ಸರಿಯೇ? ಕತ್ತರಿಸಿದ ಕಡೆ ಹುಟ್ಟುವ ಹೊಸ ಎಲುಬು, ಅಂದರೆ ‘ಕ್ಯಾಲಸ್‌’ಗೆ ನಿಘಂಟು ‘ಜಡ್ಡು’ ಎನ್ನುತ್ತದೆ.

ಉತ್ತರ: ಎರಡೂ ಬೇಡ ಸರ್. ತೊಡೆ ಮುರಿದವರ ಕಾಲಿಗೆ ತೂಕ ಕಟ್ಟುತ್ತಾರಲ್ಲ, ಆ ಟ್ರಾಕ್ಷನ್‌ಗೆ ‘ಜಗ್ಗುವುದು’ ಒಪ್ಪುತ್ತದೆ. ಇಲ್ಲಿ ಎಲುಬು ಹಿಗ್ಗುವುದೇ ಇಲ್ಲ. ಹೊರಪೊರೆಯನ್ನು ಆದಷ್ಟು ಕಾಪಾಡಿಕೊಂಡು ಎಲುಬನ್ನು ಅಡ್ಡಕ್ಕೆ ಕತ್ತರಿಸಿ, ಎರಡೂ ತುಂಡಿಗೆ ಪಿನ್ನು ಹಾಕಿ, ಅವನ್ನು ಕೈಯ ಹೊರಗಿನಿಂದ ಹಿಡಿದಿಡುವ ತಿರುಪಿನ ಚೌಕಟ್ಟು, ಅಂದರೆ ಫಿಕ್ಸೇಟರ್ ಕೂಡಿಸುತ್ತಾರೆ. 5ರಿಂದ 7 ದಿನ ಮುಟ್ಟುವುದಿಲ್ಲ. ಆಮೇಲೆ ತಿರುಪು ತಿರುಗಿಸಿ ಎರಡು ತುಂಡುಗಳ ನಡುವಿನ ಸಂದನ್ನು ಅಗಲ ಮಾಡುತ್ತಾರೆ. ಹಿಗ್ಗುವುದು ಸಂದು, ಅದರಲ್ಲಿ ಹುಟ್ಟುವುದು ಹೊಸ ಎಲುಬು. ಆದ್ದರಿಂದ ‘ಸಂದು ಹಿಗ್ಗಿಸಿ ಎಲುಬು ಬೆಳೆಸುವುದು’ ಎಂದೇ ಬರೆಯಿರಿ. ಉದ್ದವಾದರೂ ಸುಳ್ಳಲ್ಲ.

ಪದ ತಪ್ಪಿದರೆ ಕೈಯೂ ತಪ್ಪುತ್ತದೆ. ‘ಜಗ್ಗು’ ಎಂದು ಓದಿದವರು ಬೇಗ ಮುಗಿಸೋಣವೆಂದು ಹೆಚ್ಚು ತಿರುಗಿಸಬಹುದು. ಅಂಗೈಗೆ ಸಾಮಾನ್ಯವಾಗಿ ಒಮ್ಮೆಗೆ 0.25 ಮಿ.ಮೀ.ನಂತೆ ದಿನಕ್ಕೆ ಎರಡು ಸಲ, ಅಂದರೆ 10 ಮಿ.ಮೀ.ಗೆ 20 ದಿನ. ಅವಸರ ಮಾಡಿದರೆ ಸಂದಿನಲ್ಲಿ ಎಲುಬು ಕೂಡುವುದಿಲ್ಲ, ನರ, ಸ್ನಾಯುರಜ್ಜು ಬಿಗಿಯುತ್ತವೆ, ಗೆಣ್ಣು ಮಡಚದಂತಾಗುತ್ತದೆ. ತೀರ ನಿಧಾನವಾದರೆ ಮೊದಲೇ ಬೆಸೆದುಕೊಂಡು ತಿರುಪು ಕದಲುವುದಿಲ್ಲ. ಪತ್ರದಲ್ಲಿ ಬರೀ ‘ಕಾಲು ಸುತ್ತು’ ಎಂದು ಬಿಡಬೇಡಿ: ತಿರುಪು ಒಂದು ಪೂರ್ತಿ ಸುತ್ತಿಗೆ 1 ಮಿ.ಮೀ. ಸರಿಯುವಂಥದ್ದಾದರೆ ಮಾತ್ರ ಅದು 0.25 ಮಿ.ಮೀ. ಆಗುತ್ತದೆ.

ಇನ್ನು ‘ಜಡ್ಡು’. ಮೈಸೂರು ಕಡೆ ಅಂಗೈ ಚರ್ಮ ಗಟ್ಟಿಯಾದದ್ದು. ನಮ್ಮಲ್ಲಿ ‘ಜಡ್ಡಾಗೈತಿ’ ಅಂದರೆ ಕಾಯಿಲೆ ಬಿದ್ದಿದ್ದಾರೆ ಎಂದು! ‘ಎಳೆ ಎಲುಬು’ ಎನ್ನಿ. ಅದು ಗಟ್ಟಿಯಾಗುವವರೆಗೆ, ಹಿಗ್ಗಿಸಿದ ದಿನಗಳ ಎರಡು ಪಟ್ಟಿಗೂ ಮೇಲೆ, ಫಿಕ್ಸೇಟರ್ ಇರುತ್ತದೆ. ಇದನ್ನು ದಪ್ಪಕ್ಷರದಲ್ಲಿ ಹಾಕಿ. ಉದ್ದವಾಯಿತಲ್ಲ, ಬಿಚ್ಚಿಬಿಡಿ ಎನ್ನುವವರೇ ಹೆಚ್ಚು.

ಮತ್ತೊಬ್ಬರ ಉತ್ತರ: ‘ಮೋಟು ಬೆರಳು’ ಎಂದೂ ಬರೆಯಬೇಡಿ, ಅದು ಕಡಿದುಹೋದದ್ದು. ಗಿಡ್ಡಾದದ್ದು ಬೆರಳಲ್ಲ, ಅದರ ಬುಡದ ಅಂಗೈ ಎಲುಬು. ಹೆಚ್ಚಾಗಿ ಉಂಗುರ ಬೆರಳಿನದು. ಮುಷ್ಟಿ ಹಿಡಿದಾಗ ಗೆಣ್ಣುಗಳ ಸಾಲಿನಲ್ಲಿ ಅದೊಂದೇ ಒಳಗಿಳಿದು ಕಾಣುತ್ತದೆ. ‘ಗೆಣ್ಣು ಕುಸಿದ ಕೈ’ ಎಂದರೆ ಕೊಪ್ಪಳದ ಅಜ್ಜಿಗೂ ತಿಳಿಯುತ್ತದೆ.